ಸೊಲಾಂಜವ್ವನ ಬಳ್ಳಿ, ಧರೆಪ್ಪನ ಕತ್ತರಿ

ಅಥಣಿ ತಾಲೂಕಿನ ಐಗಳಿಯ ಧರೆಪ್ಪ ನಾಲ್ಕು ಎಕರೆ ದ್ರಾಕ್ಷಿ ಬೆಳೆಯುವವನು. ಅವನ ತೋಟದಲ್ಲಿ ಎರಡು ಸಾವಿರ ಚಿಲ್ಲರೆ ಬಳ್ಳಿಗಳಿದ್ದವು. ಅವುಗಳಲ್ಲಿ ಯಾವುದಕ್ಕೆ ನೆಗಡಿ, ಯಾವುದಕ್ಕೆ ಮುನಿಸು ಎಂಬುದು ಅವನಿಗೆ ದೂರದಿಂದಲೇ ತಿಳಿಯುತ್ತಿತ್ತು. ಇಂಥವನು ೧೯೯೨ರ ಅಕ್ಟೋಬರಿನಿಂದ ಮರುವರ್ಷದ ಮೇ ತನಕ ಊಟ ಸೇರದೆ ಕೊರಗಿದ್ದು ತನ್ನ ತೋಟದ ಬಳ್ಳಿಗಾಗಿ ಅಲ್ಲ. ಸಮುದ್ರದಾಚೆ ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ, ವಿಧವೆಯೊಬ್ಬಳ ಮನೆಗೋಡೆಗೆ ಹಬ್ಬಿದ್ದ ಒಂದೇ ಒಂದು ಬಳ್ಳಿಗಾಗಿ. ಅದು ಬದುಕುತ್ತದೋ ಸಾಯುತ್ತದೋ ಎಂದು ತಿಳಿಯಲು ಅಷ್ಟು ತಿಂಗಳು ಬೇಕಾಯಿತು. ಅದನ್ನು ಆ ಸ್ಥಿತಿಗೆ ತಂದವನು ಧರೆಪ್ಪನೇ. ಅದೂ ರಜೆಗೆಂದು ಹೋದವನು.

ರಜೆ ಎಂಬುದು ಶಾಲೆಯ ಮಕ್ಕಳಿಗೂ ಬ್ಯಾಂಕಿನವರಿಗೂ ಮಾತ್ರ ಬರುವ ಒಂದು ಕಾಯಿಲೆ ಎಂದು ಧರೆಪ್ಪ ನಂಬಿದ್ದ. ದ್ರಾಕ್ಷಿಯವರಿಗೆ ಏಪ್ರಿಲಿನಲ್ಲಿ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಇನ್ನೊಂದು ಚಾಟ್ನಿ. ಚಾಟ್ನಿ ಎಂದರೆ ಬಳ್ಳಿಯ ಕಡ್ಡಿ ಸವರುವುದು. ಮರಾಠಿಯಿಂದ ಗಡಿ ದಾಟಿ ಬಂದ ಮಾತು, ಬಂದದ್ದು ತಿರುಗಿ ಹೋಗಲಿಲ್ಲ. ಏಪ್ರಿಲಿನದು ಹೊಸ ಕಡ್ಡಿ ಬರಲೆಂದು, ಅಕ್ಟೋಬರಿನದು ಹಣ್ಣು ಬರಲೆಂದು. ನಡುವೆ ಔಷಧ ಹೊಡೆಯುವುದು, ತಂತಿಗೆ ಕಟ್ಟುವುದು, ಗೊನೆ ಕೊಯ್ಯುವುದು, ಒಣಗಿಸುವುದು. ಈ ಪಂಚಾಂಗದಲ್ಲಿ ರಜೆಗೆ ತಿಥಿಯೇ ಇಲ್ಲ.

ಇಂಥವನ ತೋಟದ ಮುಂದೆ ೧೯೮೮ರ ಫೆಬ್ರುವರಿಯ ಒಂದು ಮಧ್ಯಾಹ್ನ ಎರಡು ಸೈಕಲ್ಲುಗಳು ನಿಂತವು. ಒಂದರ ಮೇಲೆ ಬೆನ್ವಾ ಎಂಬ ಉದ್ದನೆಯ ಫ್ರೆಂಚ್ ತರುಣ, ಇನ್ನೊಂದರ ಮೇಲೆ ಅವನ ಹೆಂಡತಿ ಒಡಿಲ್. ಪುಣೆಯಿಂದ ಸೈಕಲ್ ಓಡಿಸಿ ಓಡಿಸಿ ಬಂದ ಒಡಿಲ್ ಜ್ವರದಿಂದ ಕೆಂಡವಾಗಿ ಬೇಲಿಯ ಪಕ್ಕ ಕೂತುಬಿಟ್ಟಳು. ಧರೆಪ್ಪನ ಹೆಂಡತಿ ಕಸ್ತೂರೆವ್ವ ಅವಳನ್ನು ಎತ್ತಿಕೊಂಡು ಹೋಗಿ ಒಣದ್ರಾಕ್ಷಿಯ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮಲಗಿಸಿದಳು. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಅಥಣಿಯಿಂದ ನನ್ನನ್ನು ಮೋಟರ್ ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೋದರು, ಡಾಕ್ಟರರ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸಲು.

ಟೈಫಾಯ್ಡು. ಹದಿನೆಂಟು ದಿನ ಇಬ್ಬರೂ ಐಗಳಿಯಲ್ಲೇ ಉಳಿದರು. ಊರಿಗೆ ಅವರ ಹೆಸರು ನಾಲಿಗೆಯಲ್ಲಿ ನಿಲ್ಲದೆ, ಪಕ್ಕದ ತೋಟದ ಜಿನ್ನಪ್ಪನಿಗೆ ಪ್ರಾಸವಾಗುವಂತೆ ಬೆನ್ವಾ ಬೆನ್ನಪ್ಪನಾದ. ಹೆಂಡತಿಗೆ ಗಂಜಿ ಕುಡಿಸುವುದು ಕಸ್ತೂರೆವ್ವನ ಕೆಲಸವಾದ್ದರಿಂದ ಬೆನ್ನಪ್ಪನಿಗೆ ಹಗಲೆಲ್ಲ ಹೊತ್ತು ಹೋಗಲಿಲ್ಲ. ಸುತ್ತಮುತ್ತ ನೋಡುವಂಥದ್ದು ಏನಿದೆಯೆಂದು ಕೇಳಿದ.

"ನೋಡಾಕ ಏನೂ ಇಲ್ರಿ," ಎಂದ ಧರೆಪ್ಪ. "ಮಾಡಾಕ ಬೇಕಾದಷ್ಟೈತಿ."

ನಾನು ಅದನ್ನು ಹಾಗೇ ತಿರುಗಿಸಿ ಹೇಳಿದೆ. ಮರುದಿನದಿಂದ ಬೆನ್ನಪ್ಪ ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿದ ದ್ರಾಕ್ಷಿಯನ್ನು ಆಳುಗಳ ಜೊತೆ ಕೈಯಾಡಿಸತೊಡಗಿದ. ಬುಟ್ಟಿ ಹೊತ್ತ. ಕಸ ಕಿತ್ತ. ಹೋಗುವ ದಿನ, ನಮ್ಮ ಜೀವನದಲ್ಲೇ ಇಂಥ ಒಳ್ಳೆಯ ರಜೆ ಕಳೆದಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಧರೆಪ್ಪ ಇದನ್ನು ಮನಸ್ಸಿಗೆ ಹಚ್ಚಿಕೊಂಡ. ಇವರ ದೇಶದಲ್ಲಿ ರಜೆ ಎಂದರೆ ಮಂದಿಯ ಮನೆಗೆ ಹೋಗಿ ಮಂದಿಯ ಕೆಲಸ ಮಾಡಿಕೊಡುವುದು. ಹಾಗೆ ಮಾಡಿದರೆ ಮಾಡಿದವನಿಗೂ ಖುಷಿ, ಮಾಡಿಸಿಕೊಂಡವನಿಗೂ ಖುಷಿ. ಆಮೇಲೆ ನಡೆದದ್ದಕ್ಕೆಲ್ಲ ಬೀಜ ಬಿದ್ದದ್ದು ಇಲ್ಲಿ.

ನಾಲ್ಕು ವರ್ಷ ನನ್ನ ಕೈಯಿಂದಲೇ ಕಾಗದಗಳು ಹೋದವು, ಬಂದವು. ೧೯೯೨ರಲ್ಲಿ ಕಾಗದದ ಬದಲು ವಿಮಾನದ ಟಿಕೆಟ್ಟೇ ಬಂತು. ಮೂರು ವಾರ ನಮ್ಮ ತಾಯಿಯ ಹಳ್ಳಿಮನೆಯಲ್ಲಿ ಇದ್ದು ಹೋಗು ಎಂದು ಬೆನ್ವಾ ಬರೆದಿದ್ದ. ಇಬ್ಬರನ್ನೂ ಕರೆದಿದ್ದ, ಎಮ್ಮೆ ಬಿಟ್ಟು ಬರಲಾರೆ ಎಂದು ಕಸ್ತೂರೆವ್ವ ಮೊದಲೇ ಹೇಳಿಬಿಟ್ಟಿದ್ದಳು. ಜೂನಿನಲ್ಲಿ ಹೋಗಬೇಕೆಂದು ಲೆಕ್ಕ. ಪಾಸ್‌ಪೋರ್ಟು ಆಷಾಢ ಕಂಡಿತು, ವೀಸಾ ಗಣಪತಿಯನ್ನು ಕಳಿಸಿಕೊಟ್ಟು ಬಂತು. ಹೊರಡುವ ದಿನ ಅಕ್ಟೋಬರ್ ಎಂಟಕ್ಕೆ ಬಂದು ನಿಂತಿತು, ಸರಿಯಾಗಿ ಚಾಟ್ನಿಯ ಹೊತ್ತಿಗೆ.

"ನಾ ಹೋಗೂದಿಲ್ಲ," ಎಂದ ಧರೆಪ್ಪ. "ಚಾಟ್ನಿ ಬಿಟ್ಟು ಯಾರರ ಊರಿಗೆ ಹೋಗ್ತಾರೇನ?"

"ಹೋಗ್ರಿ ಸುಮ್ನ," ಎಂದಳು ಕಸ್ತೂರೆವ್ವ. "ಹದಿನೆಂಟ್ ವರ್ಸ ನೀವ ಮಾಡಸೀನಿ ಅಂತ ತಿಳಕೊಂಡೀರಿ. ಆಳಿನ ಹಿಂದ ನಿಂತು ಕಣ್ಣು ಎಣಿಸಿದಾಕಿ ನಾ. ನೀವು ಇಲ್ಲಂತ ಬಳ್ಳಿಗೂ ಗೊತ್ತಾಗೂದಿಲ್ಲ."

ಕಣ್ಣು ಎಂದರೆ ಕಡ್ಡಿಯ ಗೆಣ್ಣಿನಲ್ಲಿ ಚಿಗುರು ಹೊರಡುವ ಮೊಗ್ಗು. ಕಡ್ಡಿಗೆ ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕು ಎಂಬುದರ ಮೇಲೆ ವರ್ಷದ ಬೆಳೆಯೆಲ್ಲ ನಿಂತಿರುತ್ತದೆ. ಹೆಂಡತಿಯ ಮಾತಿಗೆ ಎದುರಾಡಲು ಧರೆಪ್ಪನ ಬಳಿ ಸಾಕ್ಷಿ ಇರಲಿಲ್ಲ, ದ್ರಾಕ್ಷಿ ಮಾತ್ರ ಇತ್ತು. ನೆಂಚಿಕೊಳ್ಳುವ ಖಾರದ ಪುಡಿ ಶೇಂಗಾ ಹಿಂಡಿ ಒಂದು ಡಬ್ಬಿ, ಐವತ್ತು ಕಟಕ ರೊಟ್ಟಿ ಕಟ್ಟಿಸಿಕೊಂಡು ಹೊರಟ.

ಬೆನ್ವಾನ ತಾಯಿಯ ಹೆಸರು ಸೊಲಾಂಜ್. ಎಪ್ಪತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸು. ಧರೆಪ್ಪ ಮೊದಲ ದಿನವೇ ಅವಳನ್ನು ಸೊಲಾಂಜವ್ವ ಎಂದು ಕರೆದ. ಅವಳು ಆ ಹೆಸರಿಗೆ ಓಗೊಟ್ಟಳು. ದೊರ್ದೋನ್ ನದಿಯ ಹತ್ತಿರದ ಅವಳ ಕಲ್ಲಿನ ಮನೆಯಲ್ಲಿ ಎರಡು ಕೋಣೆಗಳನ್ನು ರಜೆಯ ಜನಕ್ಕೆಂದೇ ಇಟ್ಟಿದ್ದಳು. ಪೇಟೆಯವರು ಬಂದು ವಾರಗಟ್ಟಲೆ ಇರುತ್ತಿದ್ದರು. ಇದೊಂದು ಧರೆಪ್ಪನಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ.

"ನಮ್ಮಲ್ಲಿ ಹಳ್ಯಾಗಿನವರು ಅಥಣಿಗೆ ಹೋಗಿ ಬಾಡಗಿ ಕೊಡ್ತಾರ. ಅಲ್ಲಿ ಪ್ಯಾಟ್ಯಾಗಿನವರು ಹಳ್ಳಿಗೆ ಬಂದು ಬಾಡಗಿ ಕೊಡ್ತಾರ್ರಿ. ಸಗಣಿ ವಾಸನಿಗೂ ಬಾಡಗಿ!" ಎಂದು ಮರಳಿ ಬಂದ ಮೇಲೆ ನನಗೆ ಹೇಳಿದ.

ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿತ್ತು. ಬಂದ ಅತಿಥಿಗಳು ಇಲ್ಲಿ ಏನೇನು ನೋಡಬೇಕು, ಏನೇನು ಮಾಡಬೇಕು ಎಂದು ಒಂಬತ್ತು ಸಾಲು. ಮೊದಲ ವಾರ ಬೆನ್ವಾ ಮತ್ತು ಒಡಿಲ್ ರಜೆ ಹಾಕಿ ಬಂದು ಧರೆಪ್ಪನಿಗೆ ಆ ಪಟ್ಟಿಯನ್ನು ಸಾಲುಸಾಲಾಗಿ ತೋರಿಸಿದರು. ಬಂಡೆಯ ಮೇಲಿನ ಕೋಟೆಗೆ ಕರೆದುಕೊಂಡು ಹೋದರೆ, ಧರೆಪ್ಪ ಗೋಡೆಯ ಬಿರುಕಿನಲ್ಲಿ ಬೆಳೆದಿದ್ದ ಅಂಜೂರದ ಸಸಿಯನ್ನು ಕಂಡು, ಇದು ಬಿಟ್ಟರೆ ಕೋಟೆ ಸೀಳುತ್ತದೆ ಎಂದು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಇಳಿದ. ಸುಣ್ಣಕಲ್ಲಿನ ಗುಹೆ ನೋಡಿ, ತಂಪಾಗಿದೆ, ಒಣದ್ರಾಕ್ಷಿ ಇಡಲು ಒಳ್ಳೆಯ ಜಾಗ ಎಂದ. ಆಡಿನ ಹಾಲಿನಿಂದ ಚೀಸ್ ಎಂಬ ಗಿಣ್ಣದ ಬಿಲ್ಲೆ ಮಾಡುವವಳ ಮನೆಯಲ್ಲಿ ಆಡುಗಳ ಹೊಟ್ಟೆ ಮುಟ್ಟಿ, ಇದು ಎರಡು ಹಾಕುತ್ತದೆ, ಅದು ಒಂದೇ ಎಂದು ಹೇಳುತ್ತ ಹೋದ. ಅವಳು ಎಲ್ಲವನ್ನೂ ಬರೆದಿಟ್ಟುಕೊಂಡಳು. ನದಿಯಲ್ಲಿ ದೋಣಿ ವಿಹಾರವೆಂದರೆ ಹುಟ್ಟು ಕಿತ್ತುಕೊಂಡು ತಾನೇ ಹಾಕಿದ, ಅಂಬಿಗ ಕಾಲು ಚಾಚಿ ಬೀಡಿಯಂಥದ್ದೇನೋ ಸೇದಿದ. ವಿಹಾರ ಆದದ್ದು ಅಂಬಿಗನಿಗೆ.

ಧರೆಪ್ಪ ಸೋತದ್ದು ಕಾಲುದಾರಿಯಲ್ಲಿ. ಕಾಡಿನ ನಡುವೆ ಮರಗಳಿಗೆ ಹಳದಿ ಬಣ್ಣದ ಗುರುತು ಹಚ್ಚಿದ ದಾರಿ. ಅದರಗುಂಟ ನಡೆಯುವುದು ಪಟ್ಟಿಯ ಆರನೆಯ ಸಾಲು.

"ಎಲ್ಲಿಗೆ ಹೊಂಟೇವ್ರಿ?" ಎಂದು ತನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದ.

"ಎಲ್ಲಿಗೂ ಇಲ್ಲ," ಎಂದಳು ಒಡಿಲ್. "ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತೇವೆ."

"ಹಂಗಾದ್ರ ಅಲ್ಲೇ ಇದ್ದಿದ್ರ ಆಗ್ತಿತ್ತಲ್ಲ!"

ಒಂಬತ್ತನೆಯ ಸಾಲಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದು ಮನೆಯ ಮುಂಗೋಡೆಗೆ ಹಬ್ಬಿದ ಕಪ್ಪುದ್ರಾಕ್ಷಿಯ ಬಳ್ಳಿ. ಬುಡ ಎಮ್ಮೆಯ ಕಾಲಿನಷ್ಟು ದಪ್ಪ. ಬಾಗಿಲ ಮೇಲಿಂದ ಹಾದು ಎರಡೂ ಕಿಟಕಿಗಳನ್ನು ಬಳಸಿ ಮಾಳಿಗೆಯ ಅಂಚು ಮುಟ್ಟಿತ್ತು. ಅಕ್ಟೋಬರದ ಕೊನೆಯ ಭಾನುವಾರ ಹದಿನಾಲ್ಕು ಜನ ಅತಿಥಿಗಳು ಈ ಬಳ್ಳಿಯನ್ನು ನೋಡಲೆಂದೇ ಬರುತ್ತಾರೆ ಎಂದು ಒಡಿಲ್ ಹೇಳಿದಳು. ಅದಕ್ಕೆ ಒಂದು ವಾರ ಮೊದಲಿನ ಭಾನುವಾರ ರಾತ್ರಿ ಗಂಡಹೆಂಡತಿ ಕೆಲಸಕ್ಕೆಂದು ಬೋರ್ದೋ ಪಟ್ಟಣಕ್ಕೆ ಹೊರಟುಹೋದರು. ಮನೆಯಲ್ಲಿ ಉಳಿದವರು ಫ್ರೆಂಚ್ ಬಿಟ್ಟು ಬೇರೆ ಬಾರದ ಸೊಲಾಂಜವ್ವ, ಫ್ರೆಂಚ್ ಒಂದು ಬಿಟ್ಟು ಎಲ್ಲ ಸ್ವಲ್ಪ ಸ್ವಲ್ಪ ಬರುವ ಧರೆಪ್ಪ.

ಸೋಮವಾರ ಮುಂಜಾನೆ ಧರೆಪ್ಪ ಬಳ್ಳಿಯ ಮುಂದೆ ನಿಂತ. ಎಲೆಯ ಅಂಚೆಲ್ಲ ಕೆಂಪು. ಕೆಲವು ಎಲೆ ಪೂರ್ತಿ ರಕ್ತದ ಬಣ್ಣ. ನಮ್ಮ ಕಡೆ ದ್ರಾಕ್ಷಿಯ ಎಲೆ ಕೆಂಪಾದರೆ ಮನೆಯವರು ಊಟ ಬಿಟ್ಟು ಔಷಧದ ಅಂಗಡಿಗೆ ಓಡುತ್ತಾರೆ. ಮೇಲಾಗಿ ಅಕ್ಟೋಬರ್ ಹತ್ತೊಂಬತ್ತು. ಚಾಟ್ನಿ ಆಗಿಯೇ ಇಲ್ಲ. ಗಂಡನಿಲ್ಲದ ಹೆಣ್ಣುಮಗಳು, ಮಗ ದೂರದಲ್ಲಿ. ಪಾಪ, ಕೆಲಸ ಹಿಂದೆ ಬಿದ್ದಿದೆ. ಭಾನುವಾರ ಹದಿನಾಲ್ಕು ಜನ ನೋಡಲು ಬರುವವರಿದ್ದಾರೆ.

"ಹೆಣ್ಣು ನೋಡಾಕ ಬೀಗರು ಬರ್ತಾರಂದ್ರ ತಲಿ ಬಾಚೂದಿಲ್ಲೇನ್ರಿ?" ಎಂದು ಆಮೇಲೆ ನನ್ನನ್ನು ಕೇಳಿದ. "ನಾ ಮಾಡಿದ್ದು ಅಷ್ಟ."

ಮಂಗಳವಾರ ಸೊಲಾಂಜವ್ವ ತನ್ನ ಸಣ್ಣ ವ್ಯಾನು ಹತ್ತಿ ತಂಗಿಯ ಊರಿಗೆ ಹೋದಳು. ಧರೆಪ್ಪ ಕೊಟ್ಟಿಗೆಯಿಂದ ಏಣಿ ತಂದ. ಮೊಳೆಗೆ ತೂಗುಹಾಕಿದ್ದ ಕತ್ತರಿಗೆ ತುಕ್ಕು ಹಿಡಿದಿತ್ತು; ಹೊಸಿಲಿನ ಕಲ್ಲಿಗೆ ಮಸೆದು ಹರಿತ ಮಾಡಿದ. ಮೊದಲು ಎಲೆಗಳನ್ನೆಲ್ಲ ಕೈಯಿಂದ ಸವರಿ ಕೆಳಗೆ ಹಾಕಿದ. ಆಮೇಲೆ ಕಡ್ಡಿ. ಐದು ತಾಸು. ಒಂದೊಂದು ಕಡ್ಡಿಯಲ್ಲೂ ಕಣ್ಣು ಎಣಿಸಿ, ಓರೆಯಾಗಿ, ಮಳೆಯ ಹನಿ ನಿಲ್ಲದಂತೆ ಕತ್ತರಿಸಿದ. ಅಂಥ ಚೊಕ್ಕ ಚಾಟ್ನಿಯನ್ನು ಅಥಣಿ ತಾಲೂಕಿನಲ್ಲಿ ಯಾರೂ ಮಾಡಿಲ್ಲ ಎಂದು ಇಂದಿಗೂ ಹೇಳುತ್ತಾನೆ, ತಲೆ ತಗ್ಗಿಸಿಕೊಂಡೇ ಹೇಳುತ್ತಾನೆ. ಕಡ್ಡಿಗಳನ್ನು ಸುಡಲೆಂದು ಒಂದು ಕಡೆ ಒಟ್ಟಿದ, ಎಲೆಗಳನ್ನು ಇನ್ನೊಂದು ಕಡೆ. ಅಂಗಳ ಗುಡಿಸಿದ, ನೀರು ಚಿಮುಕಿಸಿದ. ಕೈಕಾಲು ತೊಳೆದು, ಶಭಾಸ್ ಅನ್ನಿಸಿಕೊಳ್ಳಲು ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತ.

ಸೊಲಾಂಜವ್ವ ವ್ಯಾನು ನಿಲ್ಲಿಸಿ ಇಳಿದಳು. ಎರಡು ಹೆಜ್ಜೆ ಬಂದು ನಿಂತಳು. ಧರೆಪ್ಪ ಎದ್ದು ನಕ್ಕು, ಹೆಂಗಾಗೈತ್ರಿ ಅವ್ವಾ ಎಂದ. ಅವಳು ಬೈಯಲಿಲ್ಲ. ಬಂದು ಅದೇ ಬೆಂಚಿನ ಮೇಲೆ ಕೂತು ಗೋಡೆಯನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಎಲೆಗಳ ರಾಶಿಯಿಂದ ಕೆಂಪನೆಯ ಒಂದೆಲೆ ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡು ಒಳಗೆ ಹೋದಳು.

"ಬೈದಿದ್ರ ಬೇಶಿತ್ರಿ," ಎಂದ ಧರೆಪ್ಪ. "ನಾ ನಿಂತಲ್ಲೇ ಸಣ್ಣಾಗಿಬಿಟ್ಟೆ."

ಸಂಜೆ ಒಡಿಲ್ ಫೋನು ಮಾಡಿದಾಗ ವಿಷಯ ಬಿಚ್ಚಿತು. ಆ ಬಳ್ಳಿಯನ್ನು ಸೊಲಾಂಜವ್ವನ ಗಂಡ ಮದುವೆಯಾದ ವರ್ಷ ನೆಟ್ಟದ್ದು. ಅಕ್ಟೋಬರದ ಕೊನೆಯಲ್ಲಿ ಹತ್ತು ದಿನ ಗೋಡೆಯೆಲ್ಲ ಕೆಂಪಾಗುತ್ತದೆ. ಅದು ರೋಗವಲ್ಲ, ಚಳಿಗಾಲಕ್ಕೆ ಮೊದಲು ಅಲ್ಲಿಯ ಬಳ್ಳಿಗಳು ಹಾಗೇ ಮಾಡುವುದು. ಜನ ಬರುವುದು ಆ ಕೆಂಪು ನೋಡಲು. ಇನ್ನು ಕತ್ತರಿ. ಅಲ್ಲಿ ವರ್ಷಕ್ಕೆ ಒಂದೇ ಚಾಟ್ನಿ. ಎಲೆಗಳು ತಾವಾಗಿ ಉದುರಿ ಬಳ್ಳಿ ಮಲಗಿದ ಮೇಲೆ, ಜನವರಿ ಫೆಬ್ರುವರಿಯಲ್ಲಿ. ಎಲೆ ತಾನಾಗಿ ಉದುರುವ ಮೊದಲೇ ಕಿತ್ತರೆ ಬಳ್ಳಿ ಹಸಿದ ಹೊಟ್ಟೆಯಲ್ಲಿ ಚಳಿಗೆ ಬೀಳುತ್ತದೆ. ಚಳಿ ಜೋರಾದರೆ ಏಳುವುದೇ ಇಲ್ಲ.

ಚಾಟ್ನಿ ಮಾಡಲು ಹೋಗಿ ಚಟ್ನಿ ಮಾಡಿಟ್ಟಿದ್ದ ಧರೆಪ್ಪ.

ಮರುದಿನ ಪಕ್ಕದ ಹೊಲದ ಮುದುಕ ಬಂದ. ಅವನೂ ದ್ರಾಕ್ಷಿಯವನೇ. ಕತ್ತರಿಸಿದ ತುದಿಗಳನ್ನು ಒಂದೊಂದಾಗಿ ನೋಡಿ, ಇದನ್ನು ಮಾಡಿದ ಕೈ ಬಲ್ಲ ಕೈ ಎಂಬಂತೆ ತಲೆದೂಗಿದ. ಆಮೇಲೆ ಬುಡವನ್ನು ತಟ್ಟಿ, ಆಕಾಶದ ಕಡೆ ಬೆರಳು ತೋರಿಸಿ, ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿಂಗಳನ್ನು ಹುಡುಕಿ ಅದರ ಮೇಲೆ ಉಗುರು ಊರಿದ. ಬಳ್ಳಿ ಉಳಿಯಿತೋ ಇಲ್ಲವೋ ಏಪ್ರಿಲಿನಲ್ಲೇ ಗೊತ್ತು ಎಂಬುದನ್ನು ಧರೆಪ್ಪನಿಗೆ ಯಾರೂ ತಿರುಗಿಸಿ ಹೇಳಬೇಕಾಗಲಿಲ್ಲ.

ಅವನು ಮನೆಗೆ ಫೋನು ಮಾಡಲು ಕೈಸನ್ನೆಯಲ್ಲಿ ಅಪ್ಪಣೆ ಕೇಳಿದ. ಐಗಳಿಯಲ್ಲಿ ಫೋನು ಇದ್ದದ್ದು ಜಿನ್ನಪ್ಪನ ಮನೆಯಲ್ಲಿ. ಮೊದಲು ಜಿನ್ನಪ್ಪನೇ ಎತ್ತಿದ.

"ಏನ್ಲೇ ಧರೆಪ್ಪಾ! ಫ್ರಾನ್ಸ್ ಹೆಂಗೈತಿ? ಅಲ್ಲೀ ಮಂದಿ ಏನ್ ತಿಂತಾರ? ಇಲ್ಲಿ ನಿನ್ನ ತೋಟ ಚಾಟ್ನಿ ಮುಗೀತು ನೋಡು, ನೀ ಇದ್ದಾಗಿಂತ ನಾಕ ದಿನ ಮೊದ್ಲ."

"ಜಿನ್ನಪ್ಪಾ, ಮೊದಲ ಆಕೀನ್ನ ಕರಿ."

ಕಸ್ತೂರೆವ್ವ ಬಂದಳು. ಧರೆಪ್ಪ ಎಲ್ಲ ಹೇಳಿದ.

"ಮಂದಿ ಬಳ್ಳಿಗೆ ಕತ್ರಿ ಹಚ್ಚೂ ಮುಂದ ಮಂದೀನ್ನ ಕೇಳಬೇಕೋ ಬ್ಯಾಡೋ?"

"ಕೇಳಾಕ ಭಾಷಾ ಬರೂದಿಲ್ಲಲ್ಲ."

"ಕತ್ರಿ ಹಿಡ್ಯಾಕ ಬಂತಲ್ಲ!" ಎಂದಳು. ಆಮೇಲೆ ದನಿ ಇಳಿಸಿ, "ಅಳಾಕತ್ತಾರೇನ ಆಯವ್ವ?"

"ಇಲ್ಲ. ಸುಮ್ನ ಅದಾರ."

"ಕಡ್ಡಿ ಏನ್ ಮಾಡಿದ್ರಿ?"

"ಒಟ್ಟೇನಿ. ಸುಡೂದು."

"ಸುಟ್ಟಗಿಟ್ಟೀರಿ!" ಎಂದು ಕಸ್ತೂರೆವ್ವ ಕೂಗಿದ್ದು ಫೋನಿಲ್ಲದೆಯೂ ಫ್ರಾನ್ಸಿಗೆ ಕೇಳುವಂತಿತ್ತು. "ಎಲ್ಲಾ ಕಡ್ಡಿ ತುಂಡ ಮಾಡ್ರಿ. ಹಸೀ ಚೀಲದಾಗ ಸುತ್ತಿಡ್ರಿ. ಸಸಿ ಮಾಡಿಕೊಟ್ಟ ಬರ್ರಿ. ತಾಯಿ ಹ್ವಾದ್ರ ಮಕ್ಕಳರ ಉಳೀಲಿ."

ನಮ್ಮ ಕಡೆ ಹೊಸ ತೋಟ ಹಾಕುವವರು ಬೇರೆಯವರ ಚಾಟ್ನಿಯ ಕಡ್ಡಿ ಕೇಳಿ ಒಯ್ದು ನೆಡುತ್ತಾರೆ. ನಾಲ್ಕು ಕಣ್ಣಿನ ಒಂದು ತುಂಡು ಕಡ್ಡಿ ಬೇರು ಬಿಟ್ಟರೆ ಅದೇ ಬಳ್ಳಿ. ಇದು ಧರೆಪ್ಪನಿಗೆ ಗೊತ್ತಿರದ ವಿದ್ಯೆಯಲ್ಲ. ಗಾಬರಿಯಲ್ಲಿ ಮರೆತಿದ್ದ.

ಬುಧವಾರ ಉಳಿದ ಹೊತ್ತೆಲ್ಲ ಅಂಗಳದಲ್ಲಿ ಕೂತು ಕಡ್ಡಿ ಕತ್ತರಿಸಿದ. ಕೆಳಗೆ ನೇರ, ಮೇಲೆ ಓರೆ, ತಲೆಕೆಳಗಾಗಿ ನೆಡದಂತೆ ಗುರುತು. ಸೊಲಾಂಜವ್ವ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಊಟಕ್ಕೆ ತಟ್ಟೆ ತಂದಿಟ್ಟು ಒಳಗೆ ಹೋದಳು. ಗುರುವಾರ ಒಂದು ಮಣೆ ತಂದು ಎದುರಿಗೆ ಕೂತಳು. ಧರೆಪ್ಪ ಹುರಿಯಿಂದ ಕಟ್ಟಿದ್ದ ಕಟ್ಟೊಂದನ್ನು ಎತ್ತಿ ನೋಡಿ, ತಲೆಯಾಡಿಸಿ, ಬಿಚ್ಚಿ ಹಾಕಿದಳು. ಕೊಟ್ಟಿಗೆಯಿಂದ ನೆನೆಸಿದ ತೆಳು ಬೆತ್ತದಂಥ ಬರಲು ತಂದು, ಅದನ್ನು ಎರಡು ಸುತ್ತು ಸುತ್ತಿ ತಿರುಚಿ ತುದಿ ಒಳಗೆ ತೂರಿಸಿದಳು. ಬಿಗಿಯಾಗಿಯೂ ಇತ್ತು, ಸಿಪ್ಪೆಗೆ ಗಾಯವೂ ಇಲ್ಲ.

"ಇದೇನ್ ಚಂದ ಗಂಟ್ರಿ ಅವ್ವಾ! ಇನ್ನೊಮ್ಮಿ ತೋರಸ್ರಿ," ಎಂದ ಧರೆಪ್ಪ ಕನ್ನಡದಲ್ಲಿ.

ಅವಳು ಫ್ರೆಂಚಿನಲ್ಲಿ ಏನೋ ಗೊಣಗುತ್ತ ಇನ್ನೊಮ್ಮೆ ಮಾಡಿ ತೋರಿಸಿದಳು. ಮೂರನೆಯ ಸಲ ಅವನ ಕೈಗೆ ಕೊಟ್ಟು, ತಪ್ಪಿದಾಗ ಮುಂಗೈಗೆ ಒಂದೇಟು ಹಾಕಿದಳು. ಆ ಏಟಿನಿಂದ ತನಗೆ ಉಸಿರು ಬಂತು ಎಂದು ಧರೆಪ್ಪ ಹೇಳುತ್ತಾನೆ. ಸಂಜೆಗೆ ನೂರಾ ಎಂಬತ್ತು ತುಂಡುಗಳು ಸಾಲಾಗಿ ಒದ್ದೆ ಗೋಣಿಯಲ್ಲಿ ಮಲಗಿದ್ದವು. ರಾತ್ರಿಯೂಟಕ್ಕೆ ಅವಳು ಆಡಿನ ಗಿಣ್ಣಕ್ಕೆ ಶೇಂಗಾ ಹಿಂಡಿ ಉದುರಿಸಿಕೊಂಡು ತಿಂದಳು.

ಭಾನುವಾರ ಹದಿನಾಲ್ಕು ಜನ ಬಂದರು. ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ಕುಟುಂಬಗಳು. ಬೋಳು ಗೋಡೆಯ ಮುಂದೆ ಎಲ್ಲರೂ ನಿಂತರು. ಒಬ್ಬ ಮುದುಕ ಹ್ಯಾಟು ತೆಗೆದ. ಹೆಣದ ಮನೆಗೆ ಬಂದವರಂತೆ ಪಿಸುಮಾತು. ಧರೆಪ್ಪ ಕೊಟ್ಟಿಗೆಯ ಬಾಗಿಲಿನ ಹಿಂದೆ ಸರಿದ. ಸೊಲಾಂಜವ್ವ ಹೋಗಿ ಅವನ ತೋಳು ಹಿಡಿದು ಎಲ್ಲರ ಮುಂದೆ ತಂದು ನಿಲ್ಲಿಸಿದಳು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಈ ದ್ರಾಕ್ಷಿಯವನ ಊರಿನಲ್ಲಿ ಬಳ್ಳಿ ಮಲಗುವುದೇ ಇಲ್ಲವಂತೆ, ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದಂತೆ; ಇವನು ನನ್ನ ಕೆಲಸ ಹಗುರ ಮಾಡಲು ಹೋದ ಎಂದಳು. ಬೋರ್ದೋದಿಂದ ಬಂದಿದ್ದ ಒಡಿಲ್ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತ ಹೋದಾಗ ಧರೆಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಕೊನೆಗೆ ಸೊಲಾಂಜವ್ವ, ಈ ವರ್ಷ ನೋಡುವುದಕ್ಕೆ ಏನೂ ಇಲ್ಲ, ಮಾಡುವುದಕ್ಕಿದೆ ಎಂದು ಅತಿಥಿಗಳನ್ನೆಲ್ಲ ಅಂಗಳಕ್ಕೆ ಕರೆದಳು.

ಅಲ್ಲಿ ಹಳೆಯ ಡಬ್ಬಿಗಳು, ಕುಂಡಗಳು, ಒಡೆದ ಬಕೆಟ್ಟುಗಳು. ಧರೆಪ್ಪ ಮೊಣಕಾಲೂರಿ ತೋರಿಸಿದ. ಮರಳು ಇಷ್ಟು, ಮಣ್ಣು ಇಷ್ಟು. ಎರಡು ಕಣ್ಣು ಒಳಗೆ, ಎರಡು ಕಣ್ಣು ಹೊರಗೆ. ಬೋರ್ದೋದ ವಕೀಲರೂ ಪ್ಯಾರಿಸಿನ ಮಾಸ್ತರಿಣಿಯೂ ಉಗುರಿಗೆ ಮಣ್ಣು ಮಾಡಿಕೊಂಡರು. ಹ್ಯಾಟಿನ ಮುದುಕ ಮೂರು ಕುಂಡ ತುಂಬಿದ. ಇದು ಯಾವಾಗ ಗೋಡೆ ತುಂಬ ಕೆಂಪಾಗುತ್ತದೆ ಎಂದು ಒಡಿಲಳ ಮೂಲಕ ಕೇಳಿದ.

"ಮೂರ್ ವರ್ಸ ತಡೀಬೇಕ್ರಿ," ಎಂದ ಧರೆಪ್ಪ.

ನನಗೆ ಎಂಬತ್ತೆರಡು ವರ್ಷ ಎಂದ ಮುದುಕ.

"ಹಂಗಾದ್ರ ನೀರು ದಿನಾ ಹಾಕ್ರಿ."

ಆ ದಿನ ಅಂಗಳದಲ್ಲಿ ಮೊದಲ ಸಲ ನಗು ಎದ್ದಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವಳು ಸೊಲಾಂಜವ್ವ. ಸಂಜೆ ಪ್ರತಿಯೊಬ್ಬರೂ ಮಡಿಲಲ್ಲಿ ಒಂದೊಂದು ಡಬ್ಬಿ ಇಟ್ಟುಕೊಂಡು ಕಾರು ಹತ್ತಿದರು. ಧರೆಪ್ಪ ಮಾತ್ರ ನಕ್ಕಿರಲಿಲ್ಲ. ಡಬ್ಬಿಯಲ್ಲಿದ್ದದ್ದು ಮಕ್ಕಳು. ಗೋಡೆಯ ಮೇಲೆ ತಾಯಿ ಬೋಳಾಗಿ ನಿಂತಿತ್ತು, ಚಳಿಗಾಲ ಇನ್ನೂ ಬರಬೇಕಿತ್ತು.

ಊರಿಗೆ ಬಂದ ಮೇಲೆ ಎಲ್ಲರೂ ಫ್ರಾನ್ಸಿನಲ್ಲಿ ಏನು ನೋಡಿದೆ ಎಂದು ಕೇಳುವವರೇ. ಕೋಟೆ, ಗುಹೆ, ದೋಣಿ ಎಂದು ಹೇಳುತ್ತಿದ್ದ. ಹೇಳುವಾಗ ಕೈ ಗಡ್ಡ ಕೆರೆಯುತ್ತಿತ್ತು. ಡಿಸೆಂಬರಿನಲ್ಲಿ ಐಗಳಿಯಲ್ಲಿ ಸ್ವಲ್ಪ ಚಳಿ ಬಿದ್ದರೂ ಅವನಿಗೆ ಅಲ್ಲಿಯ ನೆನಪು. ಹೊದಿಕೆ ಎಳೆದುಕೊಳ್ಳುವಾಗ ಒಮ್ಮೆ, ಅದಕ್ಕ ಹೊಚ್ಚವರು ಯಾರು ಅಂದನಂತೆ.

ಜನವರಿಯ ಕಾಗದದಲ್ಲಿ ಹತ್ತು ವರ್ಷಗಳಲ್ಲಿ ಕಾಣದ ಹಿಮ ಬಿದ್ದಿದೆ ಎಂದು ಒಡಿಲ್ ಬರೆದಿದ್ದಳು. ನಾನು ಓದುವಾಗ ಆ ಸಾಲನ್ನು ನುಂಗಬಹುದಿತ್ತು, ನುಂಗಲಿಲ್ಲ. ಏಪ್ರಿಲ್ ಬಂತು. ನಮ್ಮಲ್ಲಿ ಚಾಟ್ನಿ, ಅಲ್ಲಿ ಚಿಗುರುವ ಕಾಲ. ಧರೆಪ್ಪ ಕಡ್ಡಿ ಹಿಡಿದು ಎಣಿಸುತ್ತ ಎಣಿಸುತ್ತ ಎಲ್ಲೋ ನೋಡುತ್ತ ನಿಲ್ಲುತ್ತಿದ್ದ. ಒಂದು ಸಾಲಿನಲ್ಲಿ ಕಣ್ಣು ತಪ್ಪಿ ಕತ್ತರಿಸಿದಾಗ ಕಸ್ತೂರೆವ್ವ ಅವನ ಕೈಯಿಂದ ಕತ್ತರಿ ತೆಗೆದುಕೊಂಡಳು.

"ಅಲ್ಲಿ ಒಂದ ಆಗೇತಿ, ಸಾಕು. ಇಲ್ಲಿ ಬ್ಯಾಡ. ನೀವು ಕಡ್ಡಿ ಆರಸ್ರಿ."

ತಿಂಗಳ ಕೊನೆಗೆ ಬಂದ ಕಾಗದ ಚಿಕ್ಕದಿತ್ತು. ಪಕ್ಕದ ಹೊಲಗಳೆಲ್ಲ ಚಿಗುರಿವೆ, ಗೋಡೆಯ ಬಳ್ಳಿ ಕರ್ರಗೆ ನಿಂತಿದೆ. ಮೇಲಿನ ಕಡ್ಡಿ ಮುರಿದು ನೋಡಿದರೆ ಒಳಗೆ ಒಣ ಪುಡಿ. ಅಮ್ಮ ಇನ್ನೂ ಕಡಿಸಲು ಒಪ್ಪಿಲ್ಲ.

ಧರೆಪ್ಪ ಬದುವಿನ ಮೇಲೆ ಕೂತುಬಿಟ್ಟ. ಜಿನ್ನಪ್ಪ ಬಂದು ಪಕ್ಕದಲ್ಲಿ ಕೂತ.

"ಲೇ, ಇಲ್ಲಿ ಎರಡ್ ಸಾವಿರ ಬಳ್ಳಿ ಚಿಗ್ಯಾಕತ್ತಾವು. ಒಂದಕ್ಕ ಯಾಕ್ ಇಷ್ಟ ತಲಿ ಕೆಡಿಸ್ಕೊಂತಿ?"

"ಇವು ನನ್ನವು, ಜಿನ್ನಪ್ಪ. ಸತ್ರ ನಾ ಅಳ್ತೀನಿ, ಮುಗೀತು. ಅದು ಮಂದೀದು."

ಜಿನ್ನಪ್ಪ ತುಂಬ ಮಾತಿನವನು. ಅವತ್ತು ಎಲೆಅಡಿಕೆ ಚೀಲ ತೆಗೆದು ಧರೆಪ್ಪನ ಮುಂದಿಟ್ಟ.

ಮೇ ಇಪ್ಪತ್ತರ ಸುಮಾರಿಗೆ ದಪ್ಪನೆಯ ಲಕೋಟೆ ಬಂತು. ಧರೆಪ್ಪ ಅದನ್ನು ಒಡೆಯದೆ ಬಸ್ಸು ಹಿಡಿದು ಅಥಣಿಗೆ ನನ್ನ ಮನೆಗೆ ತಂದ, ಜೊತೆಗೆ ಕಸ್ತೂರೆವ್ವ. ಒಡೆದರೆ ಮೊದಲು ಒಂದು ಫೋಟೋ ಜಾರಿ ನೆಲಕ್ಕೆ ಬಿತ್ತು. ಗೋಡೆಯ ಬಳ್ಳಿಯ ಬುಡ. ಮೇಲಿನದೆಲ್ಲ ಕಪ್ಪು. ಮೊಣಕಾಲೆತ್ತರದಲ್ಲಿ, ಒರಟು ಸಿಪ್ಪೆ ಸೀಳಿಕೊಂಡು, ಎರಡು ಚಿಗುರು. ಹಸಿರೆಂದರೆ ಹಸಿರು. ಒಂದರ ಪಕ್ಕ ಪೆನ್ನಿನಿಂದ ೧ ಎಂದೂ ಇನ್ನೊಂದರ ಪಕ್ಕ ೨ ಎಂದೂ ಬರೆದಿತ್ತು.

ಧರೆಪ್ಪ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಹೋದ. ಬೆನ್ನು ನಮ್ಮ ಕಡೆ ಇತ್ತು. ನಾನು ಕಾಗದ ಓದಿದೆ. ಹದಿನಾಲ್ಕು ಅತಿಥಿಗಳಲ್ಲಿ ಹನ್ನೊಂದು ಜನರ ಡಬ್ಬಿ ಚಿಗುರಿದೆ. ಹ್ಯಾಟಿನ ಮುದುಕನವು ಮೂರೂ ಚಿಗುರಿವೆ, ದಿನಾ ನೀರು ಹಾಕುತ್ತಿದ್ದಾನೆ. ಅಮ್ಮ ಪಟ್ಟಿಗೆ ಹತ್ತನೆಯ ಸಾಲು ಸೇರಿಸಿದ್ದಾಳೆ: ಕಡ್ಡಿ ನೆಡುವುದು. ಕೊನೆಗೆ ಸೊಲಾಂಜವ್ವ ಹೇಳಿ ಬರೆಸಿದ್ದು. ಚಿಗುರು ಎರಡು ಬಂದಿವೆ. ಒಂದನ್ನು ಹೊಸ ಬುಡವಾಗಿ ಬೆಳೆಸಬೇಕು, ಇನ್ನೊಂದನ್ನು ತೆಗೆಯಬೇಕು. ಯಾವುದನ್ನು ಇಡಲಿ? ಧರೆಪ್ಪನನ್ನು ಕೇಳಿ ತಿಳಿಸಿ. ಅಲ್ಲಿಯವರೆಗೆ ಎರಡನ್ನೂ ಮುಟ್ಟುವುದಿಲ್ಲ.

"ನಲವತ್ತ್ ವರ್ಸ ಬಳ್ಳಿ ಸಾಕಿದಾಕಿಗೆ ಇದು ಗೊತ್ತಿಲ್ಲೇನ?" ಎಂದಳು ಕಸ್ತೂರೆವ್ವ ನಿಧಾನವಾಗಿ. "ಗೊತ್ತೈತಿ. ಆದ್ರೂ ಇವರನ್ನ ಕೇಳ್ಯಾಳ."

ಧರೆಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಬಂದು ಕೂತ. ಫೋಟೋ ನಡುವೆ ಇಟ್ಟರು. ಎರಡನೆಯದು ನೆಟ್ಟಗಿದೆ ಎಂದು ಅವನು. ಒಂದನೆಯದರ ಗೆಣ್ಣು ಹತ್ತಿರ ಹತ್ತಿರ ಇದೆ, ಬಲ ಅದಕ್ಕೇ ಎಂದು ಅವಳು. ನನ್ನ ಭೂತಗನ್ನಡಿ ತರಿಸಿಕೊಂಡರು. ಗೆಣ್ಣು ಎಣಿಸಿದರು. ಒಂದು ತಾಸು ಜಗಳ. ಚಹಾ ಎರಡು ಸಲ ಆರಿತು.

"ಒಂದು," ಎಂದ ಧರೆಪ್ಪ ಕೊನೆಗೆ. "ಬರೀರಿ ಸರ, ಒಂದನೇದು ಇಡ್ರಿ. ಇದು ಕಸ್ತೂರೆವ್ವನ ಮಾತು, ನಂದೂ ಹೌದು. ಆದ್ರ ಎರಡನೇದನ್ನ ಈಗ ತೆಗೀಬ್ಯಾಡ್ರಿ. ಎಲಿ ಎಲ್ಲಾ ತಾವಾಗೇ ಉದುರ್ಲಿ. ಜನವರಿ ತನಕಾ ಕತ್ರಿ ಯಾರೂ ಮುಟ್ಟಬ್ಯಾಡ್ರಿ."

ನನಗೆ ತುಟಿ ಬಿಗಿಹಿಡಿಯುವುದು ಕಷ್ಟವಾಯಿತು.

"ನಗಬ್ಯಾಡ್ರಿ, ಬರೀರಿ," ಎಂದ. ಬರೆದೆ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಕೈ ಹಿಡಿದು ನಿಲ್ಲಿಸಿದ. "ಇನ್ನೊಂದ್ ಸಾಲು ಹಾಕ್ರಿ. ಅಕ್ಟೋಬರದಾಗ ಎಷ್ಟು ಎಲಿ ಕೆಂಪಾದೂ ಅಂತ ಎಣಿಸಿ ಕಾಗದ ಹಾಕ್ರಿ ಅವ್ವಾ, ಅಂತ."